ಕೋವಿ ಕಟ್ಟಿಕೊಂಡು ಅಲಾಸ್ಕಾಕ್ಕೆ: ಕೆನಡಾ ಗಡಿ ದಾಟುವವರು ಓದಿಕೊಳ್ಳಿ

ಮೊಂಟಾನಾದ ಶೆಲ್ಬಿ ಊರಿನ ಮೋಟೆಲ್ ಮುಂದೆ ರಾತ್ರಿ ಒಂಬತ್ತಕ್ಕೆ ನಮ್ಮ ಪಿಕಪ್ ಗಾಡಿಯ ನಾಲ್ಕೂ ಬಾಗಿಲು ತೆರೆದಿದ್ದವು. ಭಾವ ಟಾರ್ಚ್ ಹಿಡಿದಿದ್ದರು. ನಾನು ಸೀಟಿನ ಅಡಿಗೆ ಕೈ ಹಾಕಿ ಸಿಕ್ಕಿದ್ದನ್ನೆಲ್ಲ ಹೊರಗೆ ತೆಗೆಯುತ್ತಿದ್ದೆ. ಹಿಂದಿನ ಸೀಟಿನ ಸಂದಿಯಲ್ಲಿ ತಣ್ಣಗೆ ಏನೋ ತಾಗಿತು. ಎಳೆದು ನೋಡಿದರೆ ಪಿಸ್ತೂಲಿನ ಮ್ಯಾಗಜೀನ್. ಒಳಗೆ ಹತ್ತು ಗುಂಡು. ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿ ಇಟ್ಟು ಬಂದಿದ್ದೆವು. ಇದೊಂದು ಯಾವಾಗಲೋ ಜಾರಿ ಅಲ್ಲಿ ಕೂತಿತ್ತು.

"ನಾಳೆ ಗಡಿಯಲ್ಲಿ ಇದು ಅವರ ಕೈಗೆ ಸಿಕ್ಕಿದ್ದರೆ?" ಅಂದರು ಭಾವ. ನನಗೆ ಮಾತೇ ಹೊರಡಲಿಲ್ಲ.

ಬೆಳಿಗ್ಗೆ ಅಲ್ಲೇ ಒಂದು ಬಂದೂಕಿನ ಅಂಗಡಿಯವರನ್ನು ಕೇಳಿಕೊಂಡು ಅದನ್ನು ಅವರ ಬಳಿ ಬಿಟ್ಟೆವು. ಸ್ವೀಟ್‌ಗ್ರಾಸ್ ಗಡಿ ಅಲ್ಲಿಂದ ಬರೀ 35 ಮೈಲಿ. ನೀವೂ ಅಮೆರಿಕದಿಂದ ಕೆನಡಾ ಹಾದು ಅಲಾಸ್ಕಾಕ್ಕೆ ರಸ್ತೆಯಲ್ಲೇ ಬೇಟೆಗೆ ಹೋಗುವ ಯೋಚನೆಯಲ್ಲಿದ್ದರೆ, ಬೇರೆ ಏನು ಮರೆತರೂ ಈ ಕೆಲಸ ಮರೆಯಬೇಡಿ. ಗಡಿಯ ಹಿಂದಿನ ರಾತ್ರಿ ಗಾಡಿ ಪೂರ್ತಿ ಖಾಲಿ ಮಾಡಿ. ಡ್ಯಾಶ್‌ಬೋರ್ಡ್ ಖಾನೆ, ಬಾಗಿಲ ಜೇಬು, ಜಾಕೆಟ್ ಜೇಬು, ಹಳೇ ಬೇಟೆ ಚೀಲದ ಮೂಲೆ, ಒಂದನ್ನೂ ಬಿಡದೆ ನೋಡಿ.

ನಮ್ಮ ದಾರಿ ಹೀಗಿತ್ತು. ಸ್ವೀಟ್‌ಗ್ರಾಸ್‌ನಿಂದ ಆಲ್ಬರ್ಟಾದ ಕೌಟ್ಸ್‌ಗೆ ದಾಟಿ, ಕ್ಯಾಲ್ಗರಿ, ಎಡ್ಮಂಟನ್ ಮೇಲೆ ಡಾಸನ್ ಕ್ರೀಕ್. ಅಲ್ಲಿಂದ ಅಲಾಸ್ಕಾ ಹೆದ್ದಾರಿ. 1942ರಲ್ಲಿ ಯುದ್ಧದ ಅವಸರದಲ್ಲಿ ಕಡಿದ ರಸ್ತೆ ಇದು. ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿಲೋಮೀಟರ್. ಹೋಗುವಾಗ ಎರಡು ಗಡಿ, ಬರುವಾಗ ಎರಡು. ಒಟ್ಟು ನಾಲ್ಕು ಸಲ ಕೋವಿ ತೋರಿಸಲು ತಯಾರಿರಬೇಕು. ಹೊರಡುವಾಗ ಈ ಲೆಕ್ಕ ತುಂಬಾ ಜನರ ತಲೆಯಲ್ಲಿ ಇರುವುದಿಲ್ಲ.

ಮೊದಲು ನಿಮ್ಮ ವೀಸಾ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮವರಲ್ಲಿ ಎಚ್-1ಬಿ, ಎಲ್-1, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರೇ ಜಾಸ್ತಿ. ಇಂಥ ವೀಸಾದವರು ಅಮೆರಿಕದಲ್ಲಿ ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದರೆ ಬೇಟೆ ಲೈಸೆನ್ಸ್ ಇದೆ ಎಂದು ಗಡಿ ದಾಟಿಬಿಟ್ಟರೆ, ವಾಪಸ್ ಬರುವಾಗ ನಿಮ್ಮದೇ ಕೋವಿ ಅಮೆರಿಕದೊಳಗೆ ಬರಲು ಎಟಿಎಫ್, ಅಂದರೆ ಅಮೆರಿಕದ ಬಂದೂಕು ನಿಯಂತ್ರಣ ಇಲಾಖೆಯ 6ಎನ್‌ಐಎ ಎಂಬ ಆಮದು ಅರ್ಜಿ ಮಂಜೂರಾಗಿರಬೇಕು. ಅದನ್ನು ಹೊರಡುವ ಮೊದಲೇ ಮಾಡಿಸಬೇಕು. ಅದೂ ಅಲ್ಲದೆ, ಅಲಾಸ್ಕಾದಲ್ಲಿ ಅಮೆರಿಕದಲ್ಲಿ ಕಾಯಂ ವಾಸವಿಲ್ಲದ ವಿದೇಶಿಯರಿಗೆ ಯಾವ ದೊಡ್ಡ ಪ್ರಾಣಿಯ ಬೇಟೆಗಾದರೂ ಗೈಡ್ ಕಡ್ಡಾಯ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ ಇಷ್ಟು ತೊಂದರೆಗಳಿಲ್ಲ. ವೀಸಾದಲ್ಲಿ ಇರುವ ಗೆಳೆಯರಿಗೆ ನನ್ನ ಸಲಹೆ ಒಂದೇ: ವಕೀಲರ ಹತ್ತಿರ ಮಾತಾಡದೆ ಕೋವಿ ಗಾಡಿಗೆ ಹಾಕಬೇಡಿ. ಇಲ್ಲಿ ಒಂದು ಸಣ್ಣ ತಪ್ಪಾದರೂ ಕುತ್ತು ಬರುವುದು ವೀಸಾಕ್ಕೇ.

ಇನ್ನೊಂದು ವಿಷಯವೂ ಇದೆ. ಕುಡಿದು ಗಾಡಿ ಓಡಿಸಿದ ಹಳೇ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಕೆನಡಾದವರು ಗಡಿಯಲ್ಲೇ ವಾಪಸ್ ಕಳಿಸಬಹುದು. 2018ರ ಡಿಸೆಂಬರ್‌ನಿಂದ ಅಲ್ಲಿ ಅದನ್ನು ಗಂಭೀರ ಅಪರಾಧದ ಸಾಲಿಗೆ ಸೇರಿಸಿದ್ದಾರೆ. ಜೊತೆಗೆ ಬರುವವರನ್ನು ಈ ಪ್ರಶ್ನೆ ಕೇಳಲು ಮುಜುಗರವಾಗುತ್ತದೆ, ನಿಜ. ಆದರೂ ಕೇಳಿ.

ಈಗ ಕೋವಿಗಳಿಗೆ ಬರೋಣ. ನಾವು ಒಯ್ದದ್ದು ಎರಡೇ. ಒಂದು .30-06 ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಿಂದ ಎಳೆಯಬೇಕಾದದ್ದು, ಇನ್ನೊಂದು 12 ಬೋರಿನ ಪಂಪ್ ಶಾಟ್‌ಗನ್. ಕೆನಡಾ ಬಂದೂಕುಗಳನ್ನು ಮೂರು ವರ್ಗ ಮಾಡಿದೆ: ನಿರ್ಬಂಧವಿಲ್ಲದವು, ನಿರ್ಬಂಧಿತ, ನಿಷೇಧಿತ. ಸಾಮಾನ್ಯ ಬೇಟೆಯ ರೈಫಲ್ಲು, ಶಾಟ್‌ಗನ್ನು ಮೊದಲನೇ ವರ್ಗದಲ್ಲಿ ಬರುತ್ತವೆ. ಅದಕ್ಕಿಂತ ಮೇಲಿನದಕ್ಕೆ ಕೈ ಹಾಕಲೇಬೇಡಿ. ಪಿಸ್ತೂಲು, ರಿವಾಲ್ವರ್ ಮಾತೇ ಬೇಡ. ಅಲಾಸ್ಕಾದಲ್ಲಿ ಕರಡಿ ಇದೆಯಲ್ಲ ಎಂದು ಸೊಂಟದ ರಿವಾಲ್ವರ್ ತರಲು ಮನಸ್ಸಾಗುತ್ತದೆ. ಕೆನಡಾದ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ. 2022ರಿಂದ ಅಲ್ಲಿ ಕೈಬಂದೂಕುಗಳ ಮಾರಾಟಕ್ಕೂ ಆಮದಿಗೂ ತಡೆ ಹಾಕಿದ್ದಾರೆ.

ಎಆರ್-15 ಮಾದರಿಯ ರೈಫಲ್‌ಗಳು 2020ರ ಮೇ 1ರಿಂದ ನಿಷೇಧಿತ. ರೂಗರ್ ಮಿನಿ-14 ಕೂಡ ಅದೇ ದಿನ ಆ ಪಟ್ಟಿಗೆ ಸೇರಿತು. ಹಳ್ಳಿಗಾಡಿನ ಅಮೆರಿಕದಲ್ಲಿ ಅದನ್ನು ಮಾಮೂಲಿ ಬೇಟೆ ರೈಫಲ್ ಅಂತಲೇ ಬಳಸುತ್ತಾರೆ, ಹಾಗಾಗಿ ಜನ ಮೋಸ ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಇನ್ನೂ 324 ಮಾದರಿ ಸೇರಿದವು, 2025ರ ಮಾರ್ಚ್‌ನಲ್ಲಿ ಮತ್ತಷ್ಟು. ಕೆಲವು .22 ಸೆಮಿ ಆಟೋಮ್ಯಾಟಿಕ್‌ಗಳೂ, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥವೂ ಅದರಲ್ಲಿವೆ. ಹೋದ ವರ್ಷ ಗೆಳೆಯ ಒಯ್ದಿದ್ದ, ಏನೂ ಆಗಲಿಲ್ಲ ಅನ್ನುವ ಮಾತನ್ನು ನಂಬಿಕೊಂಡು ಹೋಗಬೇಡಿ. ಹೊರಡುವ ವಾರ ನಿಮ್ಮ ಮಾದರಿಯ ಹೆಸರನ್ನು ಆರ್‌ಸಿಎಂಪಿ, ಅಂದರೆ ಅಲ್ಲಿನ ಕೇಂದ್ರ ಪೊಲೀಸರ ಪಟ್ಟಿಯಲ್ಲಿ ನೀವೇ ಹುಡುಕಿ.

ಸೈಲೆನ್ಸರ್ ಕೂಡ ಅಲ್ಲಿ ನಿಷೇಧಿತ. ಸೆಮಿ ಆಟೋಮ್ಯಾಟಿಕ್ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಹೊಡೆದು ಸಿಡಿಸುವ) ರೈಫಲ್ ಆದರೆ ಮ್ಯಾಗಜೀನ್‌ನಲ್ಲಿ ಐದೇ ಗುಂಡು ಹಿಡಿಯಬೇಕು. ಬೋಲ್ಟ್ ರೈಫಲ್‌ಗೆ ಈ ಮಿತಿ ಇಲ್ಲ. ನಾನು ಬೋಲ್ಟ್, ಪಂಪ್ ಎರಡನ್ನೇ ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ವಿವರಿಸುವ ಕೆಲಸ ಕಡಿಮೆ. ಸ್ಪ್ರಿಂಗ್ ಚಾಕು, ಬಟರ್‌ಫ್ಲೈ ಚಾಕು ಬೇಡ. ಕರಡಿ ಸ್ಪ್ರೇ ಡಬ್ಬಿಯ ಮೇಲೆ ಪ್ರಾಣಿಗಳಿಗೆ ಎಂದು ಬರೆದಿದ್ದರೆ ಬಿಡುತ್ತಾರೆ. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಬಿಡುವುದಿಲ್ಲ.

ಕಾಗದಪತ್ರ ಮುಖ್ಯವಾಗಿ ಎರಡು. ಮೊದಲನೆಯದು ಅಮೆರಿಕದ ಕಸ್ಟಮ್ಸ್‌ನ 4457 ಫಾರಂ. ಈ ಕೋವಿ ನಾನು ದೇಶದಿಂದ ಒಯ್ದದ್ದು, ಹೊರಗೆ ಕೊಂಡದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ. ದಾಟುವ ಮೊದಲೇ ಸಿಬಿಪಿ, ಅಂದರೆ ಆ ಕಸ್ಟಮ್ಸ್‌ನವರ ಕಚೇರಿಗೆ ಕೋವಿ ಒಯ್ದು ತೋರಿಸಿ, ಸೀರಿಯಲ್ ನಂಬರ್ ತಾಳೆ ಮಾಡಿಸಿ, ಸಹಿ ಹಾಕಿಸಿಕೊಳ್ಳಬೇಕು. ದುಡ್ಡು ಕೇಳುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ, ಕೋವಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಹೋಗಿ, ಗುಂಡನ್ನು ಮನೆಯಲ್ಲಿ ಬಿಟ್ಟು ಹೋಗಿ. ಅವರು ಅದರ ಪ್ರತಿ ಇಟ್ಟುಕೊಳ್ಳುವುದಿಲ್ಲ. ಜೋಪಾನ ಮಾಡುವುದು ನಿಮ್ಮ ಕೆಲಸ. ಆ ಕೋವಿ ನಿಮ್ಮದಾಗಿರುವ ತನಕ ಮುಂದಿನ ಪ್ರವಾಸಗಳಿಗೂ ಅದೇ ಆಗುತ್ತದೆ.

ಎರಡನೆಯದು ಕೆನಡಾದ 5589 ಫಾರಂ, ಹೊರದೇಶದವರ ಬಂದೂಕು ಘೋಷಣೆ. ಹದಿನೆಂಟು ತುಂಬಿದವರು ತುಂಬಬಹುದು. ಮನೆಯಲ್ಲೇ ತುಂಬಿ ಎರಡು ಮೂರು ಪ್ರತಿ ಮಾಡಿಕೊಳ್ಳಿ. ಸಹಿ ಮಾತ್ರ ಹಾಕಬೇಡಿ. ಅಧಿಕಾರಿಯ ಕಣ್ಣೆದುರೇ ಸಹಿ ಹಾಕಬೇಕು. ಮೂರಕ್ಕಿಂತ ಜಾಸ್ತಿ ಕೋವಿ ಇದ್ದರೆ 5590 ಎಂಬ ಮುಂದುವರಿಕೆ ಹಾಳೆ ಸೇರಿಸಬೇಕು. ಶುಲ್ಕ 25 ಕೆನಡಾ ಡಾಲರ್. ಒಂದು ಕೋವಿಗೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಅವರು ಸಹಿ ಹಾಕಿದ ಮೇಲೆ ಆ ಹಾಳೆಯೇ 60 ದಿನದ ತಾತ್ಕಾಲಿಕ ಲೈಸೆನ್ಸ್. ಅವಧಿ ಮುಗಿಯುವ ಮೊದಲೇ ಕೇಳಿಕೊಂಡರೆ ಪುಕ್ಕಟೆಯಾಗಿ ನವೀಕರಿಸುತ್ತಾರೆ.

ಈ ಫಾರಂನಲ್ಲೇ ನಾನು ಎಡವಿದ್ದು. ರೈಫಲ್‌ನ ನಂಬರನ್ನು ಕೊಂಡಾಗಿನ ರಸೀದಿ ನೋಡಿ ಬರೆದಿದ್ದೆ. ರಸೀದಿಯಲ್ಲಿ ಸೊನ್ನೆ ಅಂತ ಇದ್ದದ್ದು ಲೋಹದ ಮೇಲೆ ನೋಡಿದರೆ ಇಂಗ್ಲಿಷಿನ ಡಿ ಅಕ್ಷರ. ಕೌಟ್ಸ್‌ನ ಅಧಿಕಾರಿ ಒಬ್ಬರು ಪೆಟ್ಟಿಗೆ ತೆರೆದು, ಬೋಲ್ಟ್ ಹಿಂದಕ್ಕೆ ಎಳೆದು ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಅಕ್ಷರ ಓದಿದರು. ಐದನೇ ಅಕ್ಷರಕ್ಕೆ ನಿಂತರು. ಮತ್ತೆ ಮೊದಲಿಂದ ಓದಿದರು. ಆಮೇಲೆ ನನ್ನನ್ನೇ ಕರೆದು ತೋರಿಸಿದರು. ಕೊರೆದ ಗೆರೆಯ ಎಡಬದಿ ನೆಟ್ಟಗಿತ್ತು, ಸೊನ್ನೆಯ ಹಾಗೆ ದುಂಡಗಿರಲಿಲ್ಲ. ಬೈಯಲಿಲ್ಲ, ಆದರೆ ಹೊಸ ಫಾರಂ ಬರೆದು, ಕಂಪ್ಯೂಟರ್‌ನಲ್ಲಿ ಮತ್ತೆ ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. 4457ರಲ್ಲಿ ಸರಿಯಾದ ನಂಬರ್ ಇದ್ದದ್ದೇ ನಮ್ಮನ್ನು ಕಾಪಾಡಿತು. ನಂಬರನ್ನು ಲೋಹ ನೋಡಿಯೇ ಬರೆಯಿರಿ. ಬೆಳಕಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಇನ್ನೊಬ್ಬರ ಹತ್ತಿರ ಓದಿಸಿ.

ನಳಿಗೆಯ ಉದ್ದವನ್ನೂ ಕೇಳುತ್ತಾರೆ. ಬೋಲ್ಟ್ ಮುಚ್ಚಿ, ಕೋವಿ ಖಾಲಿ ಇದೆ ಎಂದು ಎರಡು ಸಲ ನೋಡಿ, ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ಕೊನೇ ತನಕ ಇಳಿಸಿ. ಬಾಯಿಯ ಹತ್ತಿರ ಗುರುತು ಮಾಡಿ ಹೊರತೆಗೆದು ಅಳೆಯಿರಿ.

ಗಡಿಯ ಕಿಂಡಿಯಲ್ಲಿ ಅವರು ಕೇಳುವ ತನಕ ಕಾಯಬೇಡಿ. ಪಾಸ್‌ಪೋರ್ಟ್ ಕೊಡುವಾಗಲೇ ಭಾವ ಹೇಳಿದರು: "ನಮ್ಮ ಹತ್ತಿರ ಎರಡು ಬೇಟೆ ಕೋವಿ ಇವೆ. ಖಾಲಿ ಇವೆ, ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿವೆ. ಫಾರಂ ತುಂಬಿ ತಂದಿದ್ದೇವೆ." ಕಿಂಡಿಯಲ್ಲಿದ್ದ ಅಧಿಕಾರಿ ತಲೆಯಾಡಿಸಿ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಒಳಗೆ ಹೋಗಲು ಹೇಳಿದರು. ಪೆಟ್ಟಿಗೆಯನ್ನು ನೀವೇ ಎತ್ತಿಕೊಂಡು ಕಚೇರಿಯೊಳಗೆ ನಡೆಯಬೇಡಿ. ಗಾಡಿಯಲ್ಲೇ ಬಿಡಿ, ಬೀಗದ ಕೈ ಕೊಡಿ, ಅವರು ಹೇಳಿದ ಹಾಗೆ ಮಾಡಿ. ಯಾಕೆ ಒಯ್ಯುತ್ತಿದ್ದೀರಿ ಎಂದು ಕೇಳಿದರೆ ಬೇಟೆಗೆ, ಅಲಾಸ್ಕಾಕ್ಕೆ ಹಾದು ಹೋಗುತ್ತಿದ್ದೇವೆ ಅನ್ನಿ. ಅಲಾಸ್ಕಾದ ಬೇಟೆ ಲೈಸೆನ್ಸ್ ಮುದ್ರಿಸಿ ತೋರಿಸಿ. ಹೊರರಾಜ್ಯದವರಿಗೆ ಅದು 160 ಡಾಲರ್, ಮೂಸ್ ಎಂಬ ದೊಡ್ಡ ಜಿಂಕೆಯನ್ನು ಹೊಡೆಯಲು ಬೇಕಾದ ಟ್ಯಾಗ್ 800 ಡಾಲರ್. ಆತ್ಮರಕ್ಷಣೆಗೆ ಅನ್ನುವ ಮಾತು ಅಮೆರಿಕದಲ್ಲಿ ನಡೆದೀತು, ಕೆನಡಾದಲ್ಲಿ ಅದು ಕಾರಣವೇ ಅಲ್ಲ.

ಗುಂಡಿನ ಲೆಕ್ಕವನ್ನೂ ಬಾಯಲ್ಲಿ ಇಟ್ಟುಕೊಂಡಿರಿ. ಬೇಟೆಗೆ 200 ಸುಂಕವಿಲ್ಲದೆ ಒಯ್ಯಬಹುದು. ನಾವು ರೈಫಲ್‌ಗೆ 60, ಶಾಟ್‌ಗನ್‌ಗೆ 25 ತೋಟಾ ಒಯ್ದಿದ್ದೆವು. ಕೆನಡಾದಲ್ಲಿ ಕೊಂಡುಕೊಳ್ಳಬೇಡಿ. ಉಳಿದದ್ದನ್ನು ಅಮೆರಿಕದೊಳಗೆ ತರುವಾಗ ಅದು ಆಮದು ಎನಿಸುತ್ತದೆ, ಅದಕ್ಕೆ ಬೇರೆ ಪರವಾನಗಿ ಬೇಕು.

ದಾರಿಯಲ್ಲಿ ಕೋವಿ ಯಾವಾಗಲೂ ಖಾಲಿ ಇರಬೇಕು. ಗಾಡಿ ಬಿಟ್ಟು ಊಟಕ್ಕೆ ಹೋದರೆ ಡಿಕ್ಕಿಯಲ್ಲಿ ಬೀಗ ಹಾಕಿರಬೇಕು. ಡಿಕ್ಕಿ ಇಲ್ಲದ ಗಾಡಿಯಾದರೆ ಕಿಟಕಿಯಿಂದ ಕಾಣದಂತೆ ಮುಚ್ಚಿ, ಗಾಡಿಗೆ ಬೀಗ ಹಾಕಬೇಕು. ನಮ್ಮದು ಪಿಕಪ್, ಹಾಗಾಗಿ ಊಟಕ್ಕೆ ಒಬ್ಬರಾದ ಮೇಲೆ ಒಬ್ಬರು ಹೋಗುತ್ತಿದ್ದೆವು. ಕಾನೂನು ಅಷ್ಟು ಕೇಳುವುದಿಲ್ಲ, ನಮ್ಮ ಸಮಾಧಾನಕ್ಕೆ. ರಾತ್ರಿ ಕೋಣೆಗೆ ಒಯ್ದು, ಟ್ರಿಗರ್‌ಗೆ ಬೀಗ ಹಾಕಿ, ಬೋಲ್ಟ್ ಬಿಚ್ಚಿ ಬೇರೆ ಚೀಲದಲ್ಲಿ ಇಡುತ್ತಿದ್ದೆವು. ಗುಂಡಿಗೆ ಬೇರೆಯೇ ಡಬ್ಬಿ.

ಫೋರ್ಟ್ ನೆಲ್ಸನ್ ದಾಟಿದ ಮೇಲೆ ಪೆಟ್ರೋಲ್ ಸಿಕ್ಕಿದಲ್ಲೆಲ್ಲ ತುಂಬಿಸಿ. ಲಿಯಾರ್ಡ್ ಬಿಸಿನೀರಿನ ಬುಗ್ಗೆಯಲ್ಲಿ ಒಂದು ಗಂಟೆ ಕೂತರೆ ಎರಡು ದಿನದ ಮೈಕೈ ನೋವು ಇಳಿಯುತ್ತದೆ. ಡಿಸ್ಟ್ರಕ್ಷನ್ ಬೇಯಿಂದ ಬೀವರ್ ಕ್ರೀಕ್‌ವರೆಗೆ ನೆಲದಡಿಯ ಮಂಜು ರಸ್ತೆಯನ್ನು ಅಲೆಅಲೆಯಾಗಿ ಎತ್ತಿ ಹಾಕಿದೆ. ಅಲ್ಲಿ ನಿಧಾನ ಹೋಗಿ. ರೈಫಲ್ ಮೇಲಿನ ದೂರ್ಬೀನು ಅಲುಗಾಡಿದರೆ ಗುರಿ ತಪ್ಪುತ್ತದೆ. ನಾವು ಅಲಾಸ್ಕಾದ ಟೋಕ್ ತಲುಪಿದ ಮಾರನೇ ದಿನ ಗುರಿ ಹಲಗೆಗೆ ಮೂರು ಗುಂಡು ಹಾರಿಸಿ ನೋಡಿದೆವು. ನೂರು ಗಜಕ್ಕೆ ಎರಡು ಇಂಚು ಎಡಕ್ಕೆ ಹೋಗಿತ್ತು. ಸರಿ ಮಾಡಿ ಇನ್ನು ಮೂರು ಹಾರಿಸಿದೆವು.

ಬೇಟೆಯ ಕಥೆ ಚಿಕ್ಕದು. ಹನ್ನೊಂದನೇ ದಿನ ಒಂದು ಗಂಡು ಮೂಸ್ ವಿಲೋ ಪೊದೆಯಿಂದ ಹೊರಗೆ ಬಂದು ನಿಂತಿತು. ಅಲ್ಲಿನ ನಿಯಮದಂತೆ ಕೊಂಬಿನ ಹರವು 50 ಇಂಚು ಇರಬೇಕು, ಇಲ್ಲವೇ ಒಂದು ಕಡೆಯಲ್ಲಾದರೂ ಹಣೆಯ ಕವಲು ನಾಲ್ಕು ಇರಬೇಕು. ಭಾವ ದೂರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು. "ಮೂರೇ ಕವಲು. ಹರವೂ ಅನುಮಾನ. ಬೇಡ ಬಿಡು" ಅಂದರು. ಬಿಟ್ಟೆವು. ಹಾಗಾಗಿ ಮಾಂಸ, ಕೊಂಬು ಗಡಿ ದಾಟಿಸುವ ಅನುಭವ ನಮಗಾಗಲಿಲ್ಲ. ಅದಕ್ಕೆ ಬೇರೆಯೇ ಕಾಗದಗಳಿವೆ. ಕರಡಿಯಾದರೆ ಸೈಟಿಸ್, ಅಂದರೆ ವನ್ಯಜೀವಿ ಸಾಗಾಟದ ಅಂತರರಾಷ್ಟ್ರೀಯ ಒಪ್ಪಂದದ ನಿಯಮವೂ ಅನ್ವಯಿಸುತ್ತದೆ. ಮೊದಲೇ ವಿಚಾರಿಸಿ.

ವಾಪಸ್ ಬರುವಾಗ ಕೆನಡಾದ ಗಡಿ ಠಾಣೆ ಬೀವರ್ ಕ್ರೀಕ್‌ನಲ್ಲಿ ಅದೇ 5589 ತೋರಿಸಿದೆವು. 60 ದಿನದೊಳಗೆ ಇದ್ದುದರಿಂದ ಮತ್ತೆ ದುಡ್ಡು ಕಟ್ಟಲಿಲ್ಲ. ಬೇಟೆಗೆ ತಿಂಗಳು ಮೀರಿ ಇರುವವರು ಈ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಎಣಿಸಿ ಗುರುತು ಹಾಕಿಕೊಳ್ಳಿ. ಅಲಾಸ್ಕಾದಲ್ಲಿ ಇರುವಾಗಲೂ ಅದು ಓಡುತ್ತಲೇ ಇರುತ್ತದೆ.

ನಾವು ಹೊರಟ 29ನೇ ದಿನ ಸ್ವೀಟ್‌ಗ್ರಾಸ್‌ಗೆ ಬಂದೆವು. ಅಮೆರಿಕದ ಅಧಿಕಾರಿ 4457 ತೆಗೆದುಕೊಂಡು, ಗುಂಡು ಎಷ್ಟಿದೆ ಎಂದು ಕೇಳಿದರು. "ರೈಫಲ್‌ಗೆ 54, ಶಾಟ್‌ಗನ್‌ಗೆ 25. ಒಯ್ದದ್ದು 60 ಮತ್ತು 25. ಆರು ಗುಂಡು ಟೋಕ್‌ನಲ್ಲಿ ಗುರಿ ನೋಡಲು ಹಾರಿಸಿದೆವು" ಅಂದೆ. ಅವರು ಡಬ್ಬಿ ತೆರೆದು ಎಣಿಸಿದರು. ಐವತ್ನಾಲ್ಕು ಇತ್ತು. ಕಾಗದ ಮಡಚಿ ಕೈಗೆ ಕೊಟ್ಟರು. ಶೆಲ್ಬಿಯಲ್ಲಿ ಅಂಗಡಿ ಮುಚ್ಚುವ ಮೊದಲೇ ತಲುಪಿ ಮ್ಯಾಗಜೀನ್ ವಾಪಸ್ ತೆಗೆದುಕೊಂಡೆವು.