ಐದು ಕಿಲೋಮೀಟರ್ ಪಂದ್ಯ: ಲೆಕ್ಕ ಕೊನೆಗೂ ಕೂತಿತು

ಶಿವಮೊಗ್ಗದ ನಮ್ಮ ಬೆಳಗಿನ ಓಟದ ಗುಂಪಿನಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಸೋಲಿಸುವಂತಿರಬೇಕು. ಮಳೆಗಾಲಕ್ಕೆ ಮೊದಲು ಶುರು ಮಾಡಿದ ಈ ಪ್ರಯೋಗ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ.

ವಿನೋಬನಗರದ ಮೇಷ್ಟ್ರಿಗೆ ಐವತ್ತಾರು ವರ್ಷ. ಗೌಡ್ರದ್ದು ಅಡಿಕೆ ಮಂಡಿ ವ್ಯಾಪಾರ. ಗೋಪಾಳದ ಅಕ್ಕ ನರ್ಸ್, ಕೆಲವು ದಿನ ನೈಟ್ ಡ್ಯೂಟಿ ಮುಗಿಸಿ ನೇರ ಓಟಕ್ಕೇ ಬರುತ್ತಾರೆ. ಇಂಜಿನಿಯರಿಂಗ್ ಓದುವ ಒಬ್ಬ ಮಾಣಿ ಇದ್ದಾನೆ. ಪಂದ್ಯ ಅಂತ ಇಟ್ಟರೆ ಪ್ರತಿ ಸಲ ಅವನೇ ಮೊದಲು, ಮೇಷ್ಟ್ರೇ ಕೊನೆ. ಗೆಲ್ಲುವುದು ಯಾರು ಅಂತ ಹೊರಡುವಾಗಲೇ ಗೊತ್ತಿದ್ದರೆ ಕಾಲೆಳೆಯುವುದರಲ್ಲಿ ಏನು ಸ್ವಾರಸ್ಯ?

ಮೊದಲ ಜಗಳ ವಾಚಿನದು. ಒಂದೇ ರಸ್ತೆಯಲ್ಲಿ ಜೊತೆಯಲ್ಲೇ ಓಡಿದರೂ ಗೌಡ್ರ ವಾಚು 5.2 ಕಿಲೋಮೀಟರ್ ತೋರಿಸಿತು, ನನ್ನದು 4.97. ಮರ, ಕಟ್ಟಡ ಅಡ್ಡ ಬಂದಲ್ಲಿ ಜಿಪಿಎಸ್ ಸಿಗ್ನಲ್ ತಪ್ಪುತ್ತದೆ, ತಿರುವುಗಳಲ್ಲಿ ದೂರ ಹೆಚ್ಚುಕಡಿಮೆ ಆಗುತ್ತದೆ. "ನನ್ನ ವಾಚಿಗೆ ದುಡ್ಡು ಜಾಸ್ತಿ ಕೊಟ್ಟಿದ್ದೀನಿ ಮಾರಾಯ್ರೇ" ಅಂದರು ಗೌಡ್ರು. ವಾಚುಗಳ ಸಹವಾಸ ಬೇಡ ಅಂತ ಪಂದ್ಯವನ್ನು ನೆಹರು ಸ್ಟೇಡಿಯಂ ಟ್ರ್ಯಾಕಿಗೆ ತಂದೆವು. ಒಂದು ಸುತ್ತಿಗೆ 400 ಮೀಟರ್, ಹನ್ನೆರಡೂವರೆ ಸುತ್ತಿಗೆ ಐದು ಕಿಲೋಮೀಟರ್. ಅರ್ಧ ಸುತ್ತು ಇರುವುದರಿಂದ ಹೊರಡುವುದು ಒಂದು ಕಡೆ, ಮುಗಿಸುವುದು ಅದರ ಎದುರು ಕಡೆ.

ಅಲ್ಲಿ ನಡೆದದ್ದು ನನಗೆ ತುಂಬ ಇಷ್ಟವಾದ ಘಟನೆ. ಎಲ್ಲರ ಸಮಯ ಬರೆದುಕೊಂಡಾಗ ಅಕ್ಕನದು 29:00, ಗೌಡ್ರದ್ದು 27:40. ಗೌಡ್ರು ಮೀಸೆ ತಿರುವಿದರು. ಆದರೆ ಅಕ್ಕ ವಾಕಿಂಗ್ ಮಾಡುವವರಿಗೆ ಅಡ್ಡ ಆಗದಿರಲಿ ಅಂತ ಪೂರ್ತಿ ನಾಲ್ಕನೇ ಲೇನಿನಲ್ಲಿ, ಅಂದರೆ ಒಳಗಿನಿಂದ ನಾಲ್ಕನೇ ಪಟ್ಟಿಯಲ್ಲಿ, ಓಡಿದ್ದರು. ಒಂದೊಂದು ಲೇನ್ ಹೊರಗೆ ಹೋದ ಹಾಗೂ ಸುತ್ತಿಗೆ ಸುಮಾರು 7.66 ಮೀಟರ್ ಹೆಚ್ಚುತ್ತದೆ. ನಾಲ್ಕನೇ ಲೇನ್ ಅಂದರೆ ಸುತ್ತಿಗೆ 23 ಮೀಟರ್ ಹೆಚ್ಚು. ಹನ್ನೆರಡೂವರೆ ಸುತ್ತಿಗೆ 287 ಮೀಟರ್! ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತು ಚೀಟಿಯ ಹಿಂಬದಿಯಲ್ಲಿ, 5287 ಮೀಟರಿಗೆ 29:00 ಆದರೆ 5000ಕ್ಕೆ ಎಷ್ಟು ಅಂತ ಭಾಗಾಕಾರ ಮಾಡಿದರು. ಅಕ್ಕನ ನಿಜವಾದ ಸಮಯ 27:25. ಗೌಡ್ರಿಗಿಂತ ಹದಿನೈದು ಸೆಕೆಂಡು ಮುಂದೆ. ಗೌಡ್ರು ಚೀಟಿ ಇಸಿದುಕೊಂಡು ತಾವೂ ಒಂದು ಸಲ ಲೆಕ್ಕ ಮಾಡಿ, "ಸರಿ ಇದೆ ಅಕ್ಕ, ಒಪ್ಪಿದೆ" ಅಂದರು. ಅಂದಿನಿಂದ ಎಲ್ಲರೂ ಒಂದನೇ ಲೇನ್.

ವಯಸ್ಸಿಗೆ ತಕ್ಕಂತೆ ಅಂಕ ಕೊಡುವ ಪಟ್ಟಿಗಳು ಸಿಗುತ್ತವೆ. ಆಯಾ ವಯಸ್ಸಿನ ಹೆಂಗಸರ, ಗಂಡಸರ ಅತ್ಯುತ್ತಮ ಓಟದ ಜೊತೆ ನಮ್ಮ ಸಮಯವನ್ನು ಹೋಲಿಸಿ ಶೇಕಡಾವಾರು ಹೇಳುತ್ತವೆ. ಅದನ್ನು ನೋಡಿ ಬಿಟ್ಟೆವು. ನೈಟ್ ಡ್ಯೂಟಿ ಮಾಡಿ ಬಂದವರ ಕಾಲು ಆ ಪಟ್ಟಿಗೆ ಹೇಗೆ ಗೊತ್ತಾಗಬೇಕು? ನಮ್ಮ ನಮ್ಮ ಸಮಯವನ್ನೇ ಆಧಾರ ಮಾಡಿಕೊಂಡು, ನಿಧಾನದವರು ಮೊದಲು ಹೊರಡುವುದು ಅಂತ ತೀರ್ಮಾನ ಆಯಿತು. ಮೇಷ್ಟ್ರದ್ದು 32:00, ನನ್ನದು 27:50, ಮಾಣಿಯದು 22:30. ಆರು ಗಂಟೆಗೆ ಸರಿಯಾಗಿ ಮೇಷ್ಟ್ರು ಹೊರಟರೆ ನಾನು 4 ನಿಮಿಷ 10 ಸೆಕೆಂಡು ಕಳೆದ ಮೇಲೆ, ಗೌಡ್ರು 4:20ಕ್ಕೆ, ಅಕ್ಕ 4:35ಕ್ಕೆ, ಮಾಣಿ 9:30ಕ್ಕೆ. ಎಲ್ಲರೂ ತಮ್ಮ ತಮ್ಮ ಸಮಯಕ್ಕೇ ಓಡಿದರೆ 6:32ಕ್ಕೆ ಒಟ್ಟಿಗೆ ಮುಗಿಸಬೇಕು.

"ಮೇಷ್ಟ್ರು ಬೇಕಂತಲೇ ನಿಧಾನ ಓಡಿ ಸಮಯ ಬರೆಸಿದ್ದಾರೆ, ಪೇಪರ್ ಲೀಕ್ ಆಗಿದೆ" ಅಂದರು ಗೌಡ್ರು. "ತಕ್ಕಡಿ ಹಿಡಿಯುವವರು ನೀವು, ತೂಕ ಇಳಿಸಿಕೊಳ್ಳಿ ಮೊದಲು" ಅಂದರು ಮೇಷ್ಟ್ರು. ಈ ಅನುಮಾನಕ್ಕೂ ಒಂದು ನಿಯಮ ಮಾಡಿದೆವು. ಚೆನ್ನಾಗಿ ಓಡಿದರೆ ಮುಂದಿನ ಸಲಕ್ಕೆ ಹೊಸ ಸಮಯವೇ ಆಧಾರ. ಕೆಟ್ಟದಾಗಿ ಓಡಿದರೆ ಹಳೆಯದೇ ಉಳಿಯುತ್ತದೆ. ನಾಟಕ ಮಾಡಿ ಗೆದ್ದರೂ ಒಂದೇ ಸಲ.

ಪಂದ್ಯದ ಹುರುಪು ಭಾನುವಾರದ ಉದ್ದ ಓಟಕ್ಕೂ ಹಬ್ಬಿಬಿಟ್ಟಿತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಕಡೆ ಹೋಗುವಾಗ ಒಬ್ಬರು ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಇನ್ನೊಬ್ಬರು ಒಂದು ಹೆಜ್ಜೆ. ಉದ್ದ ಓಟ ಸಲೀಸಾಗಿ ಓಡಬೇಕಾದದ್ದು. ಮಾತಾಡುತ್ತಾ ಓಡುವ ವೇಗದಲ್ಲೇ ಹೃದಯಕ್ಕೂ ಸ್ನಾಯುಗಳಿಗೂ ದಣಿವಿಲ್ಲದೆ ಬಲ ಬರುತ್ತದೆ. ಅಲ್ಲೇ ಜಿದ್ದಿಗೆ ಬಿದ್ದರೆ ಪಂದ್ಯದ ದಿನಕ್ಕೆ ಕಾಲಲ್ಲಿ ಏನೂ ಉಳಿಯುವುದಿಲ್ಲ. ಇದಕ್ಕೆ ಮದ್ದು ಹೇಳಿದ್ದು ಅಕ್ಕ: ಕಾಲೆಳೆದವರಿಗೆ ತಿರುಗಿ ಒಂದು ಪೂರ್ತಿ ವಾಕ್ಯ ಹೇಳಲು ಉಸಿರಿರಬೇಕು, ಇಲ್ಲದಿದ್ದರೆ ನಿಧಾನ ಮಾಡಬೇಕು. ಈಗ ನಮ್ಮ ಭಾನುವಾರಗಳು ಗಲಾಟೆಯೋ ಗಲಾಟೆ. ಗೌಡ್ರ ಬಾಯಿ ನಿಂತರೆ ಎಲ್ಲರೂ ವೇಗ ಇಳಿಸುತ್ತೇವೆ. ಜುಲೈಯಲ್ಲಿ ಗಾಜನೂರಿನಲ್ಲಿ ತುಂಗೆ ತುಂಬಿ ಅಣೆಕಟ್ಟಿನ ಗೇಟು ತೆಗೆದಾಗ ಮಾತ್ರ ಓಟ ಅಲ್ಲಿಗೇ ನಿಂತಿತು, ನೀರು ನೋಡುವುದೇ ಕೆಲಸ ಆಯಿತು.

ಮೊನ್ನೆ ಪಂದ್ಯ. ಮಾಣಿ ಹೊರಡುವ ಹೊತ್ತಿಗೆ ಮೇಷ್ಟ್ರು ನಾಲ್ಕನೇ ಸುತ್ತಿನಲ್ಲಿದ್ದರು. ಅಷ್ಟು ಹೊತ್ತು ಕಾಯುವುದು ಅವನಿಗೆ ಓಟಕ್ಕಿಂತ ಕಷ್ಟ ಆಯಿತಂತೆ. ಕೊನೆಯ ಸುತ್ತಿನಲ್ಲಿ ಐದೂ ಜನ ಒಂದೇ ಕಣ್ಣಳತೆಯಲ್ಲಿ ಇದ್ದೆವು! ಮೇಷ್ಟ್ರು ಹಿಂದೆ ತಿರುಗಿ ನೋಡಲೇ ಇಲ್ಲ. ನನಗೆ ಅವರ ಬೆನ್ನು ಕಾಣುತ್ತಿತ್ತು, ಅಂಗಿ ಪೂರ್ತಿ ಒದ್ದೆ. ಅಕ್ಕ ನನ್ನನ್ನು ಕೊನೆಯ ತಿರುವಿನಲ್ಲಿ ದಾಟಿದರು. ಹಿಂದೆ ಮಾಣಿಯ ಶೂ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಮೇಷ್ಟ್ರು 31:20ಕ್ಕೆ ಮುಗಿಸಿ ಮೊದಲು ಬಂದರು. ಅಕ್ಕ ತಾವು ಹೊರಟಲ್ಲಿಂದ 26:58, ಎರಡನೆಯವರು. ನಾನು 27:31, ಮೂರನೆಯವನು. ಮಾಣಿ ಗೌಡ್ರನ್ನು ಗೆರೆಯ ಹತ್ತಿರ ಒಂದೇ ಸೆಕೆಂಡಿನಲ್ಲಿ ಹಿಂದೆ ಹಾಕಿದ. ಮೊದಲನೆಯವರಿಗೂ ಕೊನೆಯವರಿಗೂ 52 ಸೆಕೆಂಡು ಅಂತರ. ಕಾಗದದ ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ಇಡೀ ದಿನ ಅದೇ ಖುಷಿ. ಕಡುಬು, ಚಟ್ನಿ, ಕಾಫಿ ಗೌಡ್ರ ಲೆಕ್ಕದಲ್ಲಿ.

ಮುಂದಿನ ಪಂದ್ಯಕ್ಕೆ ಹೊಸ ಪಟ್ಟಿ (ಗೌಡ್ರಿಗೂ ಮಾಣಿಗೂ ಹಳೆಯ ಸಮಯವೇ ಉಳಿಯಿತು): ಮೇಷ್ಟ್ರಿಗಿಂತ ಗೌಡ್ರು 3:40, ನಾನು 3:49, ಅಕ್ಕ 4:22, ಮಾಣಿ 8:50 ತಡವಾಗಿ ಹೊರಡುತ್ತೇವೆ. ಮಳೆ ನಿಂತು ರಸ್ತೆಯ ಪಾಚಿ ಒಣಗಿದ ಮೇಲೆ ಕುಂದಾದ್ರಿ ಹತ್ತುವ ಪಂದ್ಯವೂ ಆಗಬೇಕು. ಏರಿಗೆ ಟ್ರ್ಯಾಕಿನ ಲೆಕ್ಕ ನಡೆಯುವುದಿಲ್ಲ. ಮೊದಲು ಒಂದು ಸಲ ಹತ್ತಿ ಎಲ್ಲರ ಸಮಯ ಬರೆದುಕೊಳ್ಳಬೇಕು. ಗೌಡ್ರ ಊರು ಆ ಕಡೆಯದೇ, ಬೆಟ್ಟ ನನ್ನದು ಅಂತ ಈಗಲೇ ಶುರು ಮಾಡಿದ್ದಾರೆ. ಸಮಯ ಬರೆಯುವ ದಿನ ಅವರು ನಿಜಕ್ಕೂ ಪೂರ್ತಿ ಓಡಬೇಕು ಅಂತ ಮೇಷ್ಟ್ರು ಷರತ್ತು ಹಾಕಿದ್ದಾರೆ.