ಅಟ್ಲಾಂಟಿಕ್ ಮಧ್ಯೆ ಎಳ್ಳು ಬೀರಿದ್ದು

ಮಂಡ್ಯ ಕಡೆಯವಳಿಗೆ ಕಬ್ಬಿಲ್ಲದ ಸಂಕ್ರಾಂತಿ ಹಬ್ಬವೇ ಅಲ್ಲ. ಪುಣ್ಯಕ್ಕೆ ನಮ್ಮ ಹಾಯಿದೋಣಿ ಹೊರಟಿದ್ದು ಆಫ್ರಿಕಾದ ಪಶ್ಚಿಮಕ್ಕಿರುವ ದ್ವೀಪದೇಶ ಕೇಪ್ ವರ್ಡೆಯ ಮಿಂಡೆಲೊ ಬಂದರಿನಿಂದ. ಎದುರಿಗಿರುವ ಸಾಂಟೊ ಆಂಟಾವೊ ದ್ವೀಪಕ್ಕೆ ಫೆರಿಯಲ್ಲಿ ಒಂದು ಗಂಟೆ. ಅಲ್ಲಿನ ಕಣಿವೆಗಳಲ್ಲಿ ಕಬ್ಬೋ ಕಬ್ಬು. ರಸ ಹುಳಿ ಬರಿಸಿ ‘ಗ್ರೋಗ್’ ಅನ್ನೋ ಸಾರಾಯಿ ಇಳಿಸುತ್ತಾರೆ. ನಾನು ಎರಡು ಜಲ್ಲೆ ತಂದು ಹಾಯಿಕಂಬಕ್ಕೆ ಕಟ್ಟಿದೆ. ಸ್ಕಿಪ್ಪರ್ ನೋಡಿ, ಮೀನು ಹಿಡಿಯೋಕಾ ಅಂದ.

ಜನವರಿ 6, 2025ಕ್ಕೆ ಹೊರಟೆವು. ನಾಲ್ಕು ಜನ. ಕೆರಿಬಿಯನ್‌ನ ಮಾರ್ಟಿನಿಕ್‌ಗೆ ಸುಮಾರು 2,100 ನಾಟಿಕಲ್ ಮೈಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಾಣಿಜ್ಯ ಮಾರುತ ಬೆನ್ನಿಗೆ ಬೀಸುತ್ತಿರುತ್ತೆ. ಕೇಳೋಕೆ ಚೆನ್ನ. ಆದರೆ ಗಾಳಿ ಹಿಂದಿನಿಂದ ಬಂದರೆ ದೋಣಿ ಹಗಲೂ ರಾತ್ರಿ ಎಡಕ್ಕೆ ಬಲಕ್ಕೆ ಹೊರಳುತ್ತೆ. ಒಲೆಗೆ ತೊಟ್ಟಿಲ ಥರ ತೂಗುವ ಚೌಕಟ್ಟಿದೆ, ಅದು ಮಟ್ಟವಾಗೇ ಇರುತ್ತೆ. ಅಡುಗೆ ಮಾಡುವವಳಿಗೆ ಆ ಭಾಗ್ಯ ಇಲ್ಲ. ಎಳ್ಳು ಹುರಿಯುವಾಗ ಒಮ್ಮೆ ಆಯ ತಪ್ಪಿ ಒಂದು ಹಿಡಿ ಚೆಲ್ಲಿದೆ. ಮಾರ್ಟಿನಿಕ್ ಮುಟ್ಟುವವರೆಗೂ ಹಲಗೆ ಸಂದಿಯಲ್ಲಿ ಎಳ್ಳು ಸಿಗ್ತಾನೇ ಇತ್ತು.

ಮನೆಯಲ್ಲಾದರೆ ಹಬ್ಬಕ್ಕೆ ವಾರ ಮುಂಚೆ ಅಡಕೊತ್ತಿನಲ್ಲಿ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ತಾರಸಿಯಲ್ಲಿ ಒಣಗಿಸ್ತೀವಿ. ಇಲ್ಲಿ ಉಪ್ಪುಗಾಳಿಗೆ ಬೆಲ್ಲ ಬೆವರಿ ಒಂದಕ್ಕೊಂದು ಅಂಟಿಕೊಂಡಿತು. ಡೆಕ್ ಮೇಲೆ ಒಣಗಲು ಇಟ್ಟರೆ ಅಲೆಯ ಸೀರ್ಪನಿ ಬಿದ್ದು ತಟ್ಟೆಯೆಲ್ಲ ಉಪ್ಪಾಯಿತು. ಕೊನೆಗೆ ಬ್ರೆಡ್ ಬೇಯಿಸಿದ ಓವನ್ ಕಾವಿನಲ್ಲಿ ಮತ್ತೊಂದು ಸಲ ಒಣಗಿಸಿದೆ.

ಜಗಳ ಆಗಿದ್ದು ನೀರಿಗೆ. ಅಕ್ಕಿಯನ್ನು ಮೂರು ಸಲ ಸಿಹಿನೀರಿನಲ್ಲಿ ತೊಳೆದೆ ಅಂತ ಜೊತೆಗಾರನೊಬ್ಬ ಸಿಡುಕಿದ. ಸಮುದ್ರದ ನೀರಲ್ಲಿ ತೊಳೆಯಬಹುದಲ್ಲ ಅಂದ. ಇನ್ನೆರಡು ದಿನಕ್ಕೆ ಸಿಹಿ ಪೊಂಗಲ್ ಇಟ್ಟುಕೊಂಡವಳಿಗೆ ಈ ಮಾತು! ನಾನೂ ಬಿಡಲಿಲ್ಲ. ಹನ್ನೆರಡು ಮೀಟರ್ ದೋಣಿಯಲ್ಲಿ ಎರಡು ದಿನ ಮಾತು ಬಿಟ್ಟಿರೋದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಗಿದ್ದು. ಟೀ ಲೋಟ ಕೊಡುವಾಗಲೂ ಮೊಣಕೈ ತಾಗುತ್ತೆ.

ಸಂಕ್ರಮಣ ನಮ್ಮಲ್ಲಿ ಜನವರಿ 14ರ ಬೆಳಗ್ಗೆ 9 ಗಂಟೆ ಸುಮಾರಿಗೆ. ನಾವಾಗ ಅರ್ಧ ದಾರಿಯಲ್ಲಿ, ಗಡಿಯಾರ ಭಾರತಕ್ಕಿಂತ ಎಂಟೂವರೆ ಗಂಟೆ ಹಿಂದೆ. ಅಂದರೆ ನಡುರಾತ್ರಿ ಹನ್ನೆರಡೂವರೆ! ಅದೂ ನನ್ನ ಕಾವಲಿನ ಪಾಳಿ. ಮೂರು ಗಂಟೆಗೊಬ್ಬರಂತೆ ಪಾಳಿ ಬದಲಾಗುತ್ತೆ, ನನಗೆ ಜಾಗ ಬಿಡಬೇಕಾದವನು ಅದೇ ಜಗಳಗಂಟ. ಬನದ ಹುಣ್ಣಿಮೆಯ ರಾತ್ರಿ. ಸಮುದ್ರವೆಲ್ಲ ಹಾಲು ಚೆಲ್ಲಿದ ಹಾಗೆ, ಚಂದ್ರನಿಗೆ ಒತ್ತಿಕೊಂಡಂತೆ ಕೆಂಪಗೆ ಮಂಗಳ. ಅವನು ಒಳಗೆ ಹೋಗದೆ ಅಲ್ಲೇ ನಿಂತಿದ್ದ. ಜೇಬಿನಿಂದ ಡಬ್ಬಿ ತೆಗೆದು ಅವನ ಅಂಗೈಗೆ ಎಳ್ಳು-ಬೆಲ್ಲ ಸುರಿದೆ. ತಿಂದು ಒಳ್ಳೆ ಮಾತಾಡಬೇಕು, ಅದು ನಮ್ಮೂರ ರೂಲು ಅಂದೆ.

ಅವನು ಅಗಿದ, ಇನ್ನೊಂದು ಹಿಡಿಗೆ ಕೈ ಚಾಚಿದ. ಆಮೇಲೆ, “ಎರಡು ಸಲ ತೊಳಿ, ಮೂರು ಬೇಡ” ಅಂದ.

ಬೆಳಗ್ಗೆ ಪೊಂಗಲ್ ಉಕ್ಕಿಸುವಾಗ ಸ್ಕಿಪ್ಪರ್ ಪಂಚಾಂಗಕ್ಕೇ ತಗಾದೆ ತೆಗೆದ. ಸೂರ್ಯ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 21ಕ್ಕೇ, ನೀವು ಮೂರು ವಾರ ಲೇಟು ಅಂತ. ಅವನದು ಸೆಕ್ಸ್‌ಟೆಂಟ್ ಹಿಡಿದು ದಿನಾ ಮಧ್ಯಾಹ್ನ ಸೂರ್ಯನನ್ನು ಅಳೆಯೋ ಕೈ. ಭೂಮಿಯ ಅಕ್ಷ ನಿಧಾನಕ್ಕೆ ಬುಗುರಿಯಂತೆ ವಾಲುತ್ತಿರೋದರಿಂದ ಸುಮಾರು 72 ವರ್ಷಕ್ಕೊಂದು ದಿನ ಅಂತರ ಬೆಳೆಯುತ್ತೆ, 1,700 ವರ್ಷದ ಹಿಂದೆ ಎರಡೂ ಹೆಚ್ಚುಕಮ್ಮಿ ಒಂದೇ ದಿನ ಬರುತ್ತಿತ್ತು ಅಂತ ವಿವರಿಸಿದೆ. ಅಷ್ಟರಲ್ಲಿ ಅವನು ಎರಡನೇ ಬಟ್ಟಲು ಬಡಿಸಿಕೊಳ್ಳುತ್ತಿದ್ದ.

ಸ್ಯಾಟಲೈಟ್‌ನಲ್ಲಿ ಅಮ್ಮನ ಮೆಸೇಜ್ ಬಂದಿತ್ತು: “ಎಳ್ಳು ಬೀರಿದ್ಯಾ? ಎಷ್ಟು ಮನೆ?”

“ಒಂದೇ ಮನೆ ಅಮ್ಮ. ಅಕ್ಕಪಕ್ಕ ಯಾರೂ ಇಲ್ಲ.”