ಈಪರ್‌ಗೆ ಹೋಗುವವರು ನವ್ ಶಾಪೆಲ್ ಬಿಡಬೇಡಿ

ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡಾಮ್ ಅಂತ ಯುರೋಪ್ ಪ್ರವಾಸ ಹಾಕಿಕೊಂಡಿದ್ದರೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಬೆಲ್ಜಿಯಂನ ಪಶ್ಚಿಮದ ಮೂಲೆಯಲ್ಲಿ ಈಪರ್ ಅನ್ನುವ ಸಣ್ಣ ಊರಿದೆ. ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಫಿರಂಗಿ ಗುಂಡು ತಿಂದ ಊರು. ಅಲ್ಲಿಂದ ಗಡಿ ದಾಟಿದರೆ ಫ್ರಾನ್ಸಿನ ನವ್ ಶಾಪೆಲ್. ಭಾರತದ ಸೈನಿಕರ ದೊಡ್ಡ ಸ್ಮಾರಕ ಇರುವುದು ಅಲ್ಲಿ. ಹೆಚ್ಚಿನವರು ಈಪರ್ ನೋಡಿ ಹಿಂದಿರುಗುತ್ತಾರೆ. ನಮ್ಮ ದೇಶದವರು ಹಾಗೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಷೆಂಗೆನ್ ವೀಸಾ ಇದ್ದರೆ ಎರಡೂ ದೇಶಕ್ಕೆ ಸಾಕು. ಪಾಸ್‌ಪೋರ್ಟ್ ಮಾತ್ರ ಜೊತೆಯಲ್ಲೇ ಇರಲಿ. ಬ್ರಸೆಲ್ಸ್‌ನಿಂದ ಈಪರ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಗೆಂಟ್ ಅಥವಾ ಕೋರ್ಟ್ರೈಕ್‌ನಲ್ಲಿ ರೈಲು ಬದಲಿಸಬೇಕಾಗುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಊರು ಈಪ್ರ್ ಎಂದಿರುತ್ತದೆ, ಸ್ಟೇಷನ್ ಬೋರ್ಡಿನಲ್ಲಿ ಈಪರ್ ಎಂದೇ ಇರುತ್ತದೆ, ಗೊಂದಲ ಬೇಡ. ಸ್ಟೇಷನ್ನಿನಿಂದ ಊರಿನ ಚೌಕಕ್ಕೆ ಹತ್ತು ನಿಮಿಷದ ನಡಿಗೆ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಸ್ಮಶಾನಗಳಿಗೆ ಹೋಗಿ. ಚೌಕದಲ್ಲಿರುವ ಭಾರೀ ಕಟ್ಟಡ ಕ್ಲಾತ್ ಹಾಲ್. ಹಿಂದೆ ಬಟ್ಟೆ ವ್ಯಾಪಾರ ನಡೆಯುತ್ತಿದ್ದ ಜಾಗ. ಅದರೊಳಗೇ ಇನ್ ಫ್ಲಾಂಡರ್ಸ್ ಫೀಲ್ಡ್ಸ್ ಮ್ಯೂಸಿಯಂ ಇದೆ. ಅರ್ಧ ದಿನ ಬೇಕು. ಚಳಿಗಾಲದಲ್ಲಿ ವಾರಕ್ಕೊಂದು ದಿನ ರಜೆ ಇರುತ್ತದೆ, ನೋಡಿಕೊಂಡು ಹೋಗಿ.

ಯುದ್ಧ ಈ ಊರಿಗೆ ಯಾಕೆ ಬಂತು ಅನ್ನುವುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಕೊಲೆಯಾಯಿತು. ಶಾಲೆಯಲ್ಲಿ ನಾವೆಲ್ಲ ಓದಿದ್ದು ಅಷ್ಟೇ, ಅಲ್ವಾ? ಆದರೆ ಸಾಮ್ರಾಜ್ಯಗಳು ವಸಾಹತುಗಳಿಗಾಗಿ, ಬಾಲ್ಕನ್ ಪ್ರದೇಶದ ಹಿಡಿತಕ್ಕಾಗಿ ವರ್ಷಗಟ್ಟಲೆ ಪೈಪೋಟಿ ನಡೆಸಿದ್ದವು. ಬ್ರಿಟನ್ ಮತ್ತು ಜರ್ಮನಿ ಯುದ್ಧನೌಕೆ ಕಟ್ಟುವುದರಲ್ಲೂ ಪೈಪೋಟಿಗೆ ಬಿದ್ದಿದ್ದವು. ಒಬ್ಬರಿಗೆ ಇನ್ನೊಬ್ಬರು ಮಾತು ಕೊಟ್ಟು ಎರಡು ಬಣಗಳಾಗಿದ್ದವು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಬಿತ್ತು, ರಷ್ಯಾ ಸರ್ಬಿಯಾದ ಪರ ಸೇನೆ ಸೇರಿಸಿತು, ಜರ್ಮನಿ ರಷ್ಯಾದ ಮೇಲೂ ಫ್ರಾನ್ಸಿನ ಮೇಲೂ ಯುದ್ಧ ಸಾರಿತು. ಫ್ರಾನ್ಸನ್ನು ಬೇಗ ಮುಗಿಸಲು ಜರ್ಮನ್ನರು ಹಿಡಿದ ದಾರಿ ಬೆಲ್ಜಿಯಂ. ಈ ದೇಶ ಯಾರ ಪರವೂ ಇರುವುದಿಲ್ಲ ಅಂತ 1839ರಲ್ಲೇ ದೊಡ್ಡ ದೇಶಗಳು ಒಪ್ಪಿ ಸಹಿ ಹಾಕಿದ್ದವು. ಆ ಒಪ್ಪಂದ ಮುರಿದಾಗ, ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಅದರ ಜೊತೆಗೆ, ಯಾರನ್ನೂ ಕೇಳದೆ, ಭಾರತವೂ ಇಳಿಯಿತು. ಆ ಸೆಪ್ಟೆಂಬರ್ ಕೊನೆಗೆ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಬಂದಿಳಿಯಿತು. ಅಕ್ಟೋಬರ್‌ನಲ್ಲಿ ಅವರು ಇಲ್ಲಿಯ ಕಂದಕಗಳಲ್ಲಿದ್ದರು. ಮೈಮೇಲೆ ನಮ್ಮ ಬಿಸಿಲಿಗೆ ಹೊಲಿಸಿದ ತೆಳು ಬಟ್ಟೆ.

ಮ್ಯೂಸಿಯಂ ಟಿಕೆಟ್ ಜೊತೆ ಗಂಟೆಗೋಪುರಕ್ಕೂ ಹತ್ತಬಹುದು. 231 ಮೆಟ್ಟಿಲು. ಮಂಡಿ ನೋವಿಲ್ಲದವರು ಖಂಡಿತ ಹತ್ತಿ. ಮೇಲಿಂದ ನೋಡಿದರೆ ಪೂರ್ವಕ್ಕೆ ಒಂದು ಸಣ್ಣ ದಿಣ್ಣೆ ಕಾಣುತ್ತದೆ. ಬೆಟ್ಟ ಅನ್ನುವ ಹಾಗೂ ಇಲ್ಲ. ಜರ್ಮನ್ನರು ಕುಳಿತು ಊರಿನ ಮೇಲೆ ಗುಂಡು ಸುರಿಸಿದ್ದು ಅಲ್ಲಿಂದಲೇ. ಆ ಏರನ್ನು ಹಿಡಿಯಲು 1917ರಲ್ಲಿ, ಜುಲೈ ಕೊನೆಯಿಂದ ನವೆಂಬರ್‌ವರೆಗೆ, ಪ್ಯಾಶೆಂಡೇಲ್ ಕದನ ನಡೆಯಿತು. ಮಳೆ, ಕೆಸರು, ಎರಡೂ ಕಡೆ ಲಕ್ಷಗಟ್ಟಲೆ ಸಾವುನೋವು. ಬ್ರಿಟಿಷ್ ಕಡೆಯವರು ಮುಂದೆ ಹೋಗಿದ್ದು ಎಂಟು ಕಿಲೋಮೀಟರ್ ಆಸುಪಾಸು.

ಸುತ್ತಾಡಲು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಹೆಚ್ಚಿನ ದಾರಿ ಸಮತಟ್ಟು. ಗಾಳಿ ಮಾತ್ರ ಜೋರು, ಮಳೆ ಯಾವಾಗ ಬೇಕಾದರೂ ಬರುತ್ತದೆ, ರೇನ್‌ಕೋಟ್ ಬೇಕೇ ಬೇಕು. ಹತ್ತು ಕಿಲೋಮೀಟರ್ ಒಳಗೆ ಎರಡು ಸ್ಮಶಾನಗಳಿವೆ. ಎರಡನ್ನೂ ಒಂದೇ ದಿನ ನೋಡಿ. ಟೈನ್ ಕಾಟ್‌ನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸುಮಾರು 12,000 ಬಿಳಿ ಸಮಾಧಿ ಕಲ್ಲುಗಳಿವೆ. ಅವುಗಳಲ್ಲಿ 8,000ಕ್ಕೂ ಹೆಚ್ಚಿನವರು ಯಾರೆಂದೇ ಗೊತ್ತಿಲ್ಲ. ಲಾಂಗೆಮಾರ್ಕ್‌ನಲ್ಲಿ 44,000ಕ್ಕೂ ಹೆಚ್ಚು ಜರ್ಮನ್ನರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಗುಂಡಿಯಲ್ಲಿ. ಗೆದ್ದವರಿಗೆ ಸಿಕ್ಕ ಜಾಗ ಎಷ್ಟು, ಸೋತವರಿಗೆ ಎಷ್ಟು ಎನ್ನುವುದು ಅಲ್ಲಿ ನಿಂತರೆ ತಾನಾಗಿ ಕಾಣುತ್ತದೆ.

1915ರ ಏಪ್ರಿಲ್ 22ರಂದು ಜರ್ಮನ್ನರು ಕ್ಲೋರಿನ್ ವಿಷಾನಿಲ ಬಿಟ್ಟಿದ್ದು ಇದೇ ಲಾಂಗೆಮಾರ್ಕ್ ಹತ್ತಿರ. ನಾಲ್ಕು ದಿನದ ನಂತರ ಲಾಹೋರ್ ಡಿವಿಷನ್ನನ್ನು ಅದೇ ಕಡೆಗೆ ನುಗ್ಗಿಸಿದರು. ಸರಿಯಾದ ಮಾಸ್ಕ್ ಕೂಡ ಇರಲಿಲ್ಲ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಆ ದಿನ ಗಾಯಗೊಂಡವರನ್ನು ಹೊತ್ತು ತಂದ ಜಮಾದಾರ್ (ಆಗಿನ ಕಿರಿಯ ಸೇನಾಧಿಕಾರಿ) ಮೀರ್ ದಸ್ತ್‌ಗೆ ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಹೊಲದಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಮುಟ್ಟಬೇಡಿ. ಅಂದಿನ ಶೆಲ್‌ಗಳು ಈಗಲೂ ರೈತರ ನೇಗಿಲಿಗೆ ಸಿಗುತ್ತವೆ. ಮಕ್ಕಳಿಗೆ ಮೊದಲೇ ಹೇಳಿಡಿ.

ಊಟದ ವಿಷಯ. ಸಸ್ಯಾಹಾರಿಗಳು ಬೆಲ್ಜಿಯಂನಲ್ಲಿ ಫ್ರೈಸ್ ನಂಬಬೇಡಿ, ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿ ತಗೊಳ್ಳಿ. ಚಪಾತಿ, ಚಟ್ನಿಪುಡಿ ಬ್ಯಾಗಿನಲ್ಲಿದ್ದರೆ ಹಳ್ಳಿ ಕಡೆ ಉಪಕಾರ.

ರಾತ್ರಿ ಉಳಿಯಿರಿ ಅಂದಿದ್ದು ಮೆನಿನ್ ಗೇಟ್‌ಗಾಗಿ. ದೇಹ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಆ ಕಮಾನಿನ ಗೋಡೆಗಳ ಮೇಲಿವೆ. ಭಾರತದವರ ಹೆಸರೂ ಇವೆ. ಪ್ರತಿದಿನ ರಾತ್ರಿ ಎಂಟು ಗಂಟೆಗೆ ರಸ್ತೆ ನಿಲ್ಲಿಸಿ, ಸತ್ತ ಸೈನಿಕರ ಗೌರವಕ್ಕೆ ಲಾಸ್ಟ್ ಪೋಸ್ಟ್ ಅನ್ನುವ ಕಹಳೆ ಊದುತ್ತಾರೆ. 1928ರಿಂದ ಇದು ನಡೆದು ಬಂದಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ನಿಂತಿತ್ತು, ಪೋಲೆಂಡಿನ ಸೇನೆ ಊರು ಬಿಡಿಸಿದ ಸಂಜೆಯೇ ಮತ್ತೆ ಶುರುವಾಯಿತು. ಏಳೂಕಾಲಿಗೇ ಹೋಗಿ ನಿಲ್ಲಿ. ಚಪ್ಪಾಳೆ ತಟ್ಟಬೇಡಿ.

ಮರುದಿನ ನವ್ ಶಾಪೆಲ್. ಕಾರು ಇದ್ದರೆ ಒಂದು ಗಂಟೆಯೊಳಗೆ ತಲುಪಬಹುದು. ಇಲ್ಲದಿದ್ದರೆ ಲಿಲ್ ಮೂಲಕ ಬೆತೂನ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ವಾಪಸ್ ಬರಲೂ ಅದೇ ಟ್ಯಾಕ್ಸಿ ಮಾತಾಡಿಕೊಳ್ಳಿ. ಹತ್ತಿರದಲ್ಲಿ ಹೋಟೆಲ್ ನಿರೀಕ್ಷಿಸಬೇಡಿ, ನೀರು, ತಿಂಡಿ ಒಯ್ಯಿರಿ. ರಸ್ತೆ ಪಕ್ಕದಲ್ಲೇ ಗುಂಡಗಿನ ಆವರಣ, ನಡುವೆ ಅಶೋಕ ಸ್ತಂಭವನ್ನು ನೆನಪಿಸುವ ಕಂಬ, ತುದಿಯಲ್ಲಿ ಕಮಲ, ಅದರ ಮೇಲೆ ಬ್ರಿಟಿಷ್ ಕಿರೀಟ. ಕಂಬದ ಎರಡೂ ಕಡೆ ಕಲ್ಲಿನ ಹುಲಿಗಳು. ಸಮಾಧಿ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಇಲ್ಲಿವೆ.

1915ರ ಮಾರ್ಚ್ 10ರಂದು, ಜರ್ಮನ್ನರ ಕೈಯಲ್ಲಿದ್ದ ಈ ಹಳ್ಳಿಯ ಮೇಲೆ ನುಗ್ಗಿದ ಬ್ರಿಟಿಷ್ ಸೇನೆಯಲ್ಲಿ ಅರ್ಧದಷ್ಟು ಭಾರತದವರು. ಹಳ್ಳಿ ಆ ದಿನವೇ ಸಿಕ್ಕಿತು. ಆಮೇಲೆ ಸಂಪರ್ಕ ತಪ್ಪಿತು, ಶೆಲ್ ಸಾಲಲಿಲ್ಲ, ಮೂರು ದಿನದ ನಂತರ ದಾಳಿ ನಿಂತಿತು. ವಿಕ್ಟೋರಿಯಾ ಕ್ರಾಸ್ ಪಡೆದ ಘರವಾಲದ ಸೈನಿಕ ಗಬ್ಬರ್ ಸಿಂಗ್ ನೇಗಿ ಸತ್ತಿದ್ದು ಮೊದಲ ದಿನವೇ. ಅವನ ಹೆಸರು ಇಲ್ಲಿದೆ. ನಾನು ಅದನ್ನು ಬೆರಳಿಟ್ಟು ಓದಿದೆ.

ಮೈಸೂರಿನವರ ಹೆಸರು ಹುಡುಕಿ ಬೇಸರಪಡಬೇಡಿ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರು ಅವರು ಮತ್ತು ಜೋಧ್‌ಪುರದವರು. ಅವರ ನೆನಪು ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿದೆ.

ಯುದ್ಧ ಮುಗಿದಾಗ ಜರ್ಮನ್, ಆಸ್ಟ್ರಿಯಾ-ಹಂಗೇರಿ, ರಷ್ಯಾ, ಆಟೊಮನ್ ಸಾಮ್ರಾಜ್ಯಗಳು ಬಿದ್ದಿದ್ದವು ಅಥವಾ ಕೊನೆಯುಸಿರಿನಲ್ಲಿದ್ದವು. ಬ್ರಿಟಿಷ್ ಸಾಮ್ರಾಜ್ಯ ಉಳಿಯಿತು. ಸುಮಾರು 74,000 ಭಾರತೀಯ ಸೈನಿಕರು ಸತ್ತಿದ್ದರು. ಇಷ್ಟು ಕೊಟ್ಟ ಮೇಲೆ ಸ್ವಯಮಾಡಳಿತ ಸಿಗುತ್ತದೆ ಅಂತ ನಮ್ಮ ನಾಯಕರು ನಂಬಿದ್ದರು. ಗಾಂಧೀಜಿ 1918ರಲ್ಲಿ ಖೇಡಾದಲ್ಲಿ ಸೇನೆಗೆ ಜನ ಸೇರಿಸಲು ಊರೂರು ತಿರುಗಿದ್ದರು. ಸಿಕ್ಕಿದ್ದು 1919ರ ಮಾರ್ಚ್‌ನಲ್ಲಿ ರೌಲತ್ ಕಾಯ್ದೆ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಸ್ಮಾರಕದ ಮೇಲಿನ ಕಿರೀಟ ನೋಡುವಾಗ ನನಗೆ ಸಿಟ್ಟು ಬಂತು. ಕೆಳಗಿನ ಹೆಸರುಗಳ ಮೇಲೆ ಮಾತ್ರ ಗೌರವ ಕಡಿಮೆಯಾಗಲಿಲ್ಲ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹೆಸರು, ರೆಜಿಮೆಂಟ್ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಫಲಕದ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೈನ್ಯದಲ್ಲಿದ್ದ ಅಜ್ಜ, ಮುತ್ತಜ್ಜಂದಿರಿರುವ ಸ್ನೇಹಿತರಿದ್ದರೆ ಅವರನ್ನೂ ಕೇಳಿ, ಆ ಹೆಸರಿನ ಫೋಟೊ ತೆಗೆದು ಕಳಿಸಿ.